ಹಾಡು, ಬಿಸಿಲು, ಹಬ್ಬ: ಆದರೂ ‘ದಿ ವಿಕರ್ ಮ್ಯಾನ್’ ಹೆದರಿಸುವುದು ಯಾಕೆ?

ಓದುಗರೊಬ್ಬರ ಪ್ರಶ್ನೆ:

“ನನಗೆ 28 ವರ್ಷ. ಊರು ಮಲೆನಾಡಿನ ಒಂದು ಹಳ್ಳಿ, ಕೆಲಸ ಬೆಂಗಳೂರಿನಲ್ಲಿ. ಹಾರರ್ ಸಿನಿಮಾ ಅಂದ್ರೆ ಮೊದಲಿನಿಂದಲೂ ಇಷ್ಟ. ‘ದಿ ವಿಕರ್ ಮ್ಯಾನ್’ ಹಾರರ್ ಸಿನಿಮಾಗಳಲ್ಲೇ ಶ್ರೇಷ್ಠ ಎಂದು ಗೆಳೆಯರು ಹೇಳಿದ್ದಕ್ಕೆ ನೋಡಿದೆ. ಅರ್ಧದವರೆಗೆ ಬೇಜಾರಾಯಿತು. ಭೂತವಿಲ್ಲ, ಕತ್ತಲಿಲ್ಲ, ಬರೀ ಹಾಡು, ಕುಣಿತ, ಬಿಸಿಲು. ಆದರೆ ಕೊನೆಯ ಹತ್ತು ನಿಮಿಷ ಇವತ್ತಿಗೂ ತಲೆಯಿಂದ ಹೋಗಿಲ್ಲ. ಹೋದ ತಿಂಗಳು ನಮ್ಮೂರ ಜಾತ್ರೆಗೆ ಹೋಗಿದ್ದೆ. ತಮಟೆ ಸದ್ದಿನ ನಡುವೆ ನಿಂತಾಗ ಆ ಸಿನಿಮಾ ನೆನಪಾಗಿ ಎದೆ ಡವಡವ ಅಂದಿತು. ನನ್ನೂರಿನವರನ್ನೇ ನೋಡಿ ಹೆದರಿದೆನಲ್ಲ ಎಂದು ಬೇಸರವೂ ಆಯಿತು. ಅದರಲ್ಲಿ ತೋರಿಸಿದ ಆಚರಣೆಗಳು ನಿಜವಾ? ಈ ಸಿನಿಮಾ ಹಳ್ಳಿಯವರ ನಂಬಿಕೆಯನ್ನು ಕೀಳಾಗಿ ತೋರಿಸುತ್ತದಾ? ಇಷ್ಟು ಜನ ಮೆಚ್ಚಲು ಏನಿದೆ ಇದರಲ್ಲಿ? ಗೆಳೆಯರ ಜೊತೆ ಮತ್ತೊಮ್ಮೆ ನೋಡಬೇಕೆಂದಿದ್ದೇನೆ, ಹತ್ತನೇ ತರಗತಿ ಮುಗಿಸಿದ ತಂಗಿಯೂ ಕೇಳುತ್ತಿದ್ದಾಳೆ. ಎರಡು ಮೂರು ಬೇರೆ ಬೇರೆ ಆವೃತ್ತಿಗಳಿವೆಯಂತೆ, ಯಾವುದನ್ನು ನೋಡಲಿ?”

ಉತ್ತರ:

ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ನಿಮ್ಮನ್ನು ಕಾಡುತ್ತಿರುವುದು ಮಾತ್ರ ಒಂದೇ ಅನಿಸುತ್ತದೆ. ಚಿಕ್ಕಂದಿನಿಂದ ಆಡಿ ಬೆಳೆದ ಜಾತ್ರೆಯಲ್ಲಿ, ಗುರುತಿನ ಮುಖಗಳ ನಡುವೆ ನಿಂತು ಹೆದರಿದೆನಲ್ಲ, ಹಾಗಾದರೆ ನಾನು ಏನಾಗಿದ್ದೇನೆ ಎನ್ನುವುದು. ಅದಕ್ಕೆ ಬಂದೇ ಬರುತ್ತೇನೆ. ಆದರೆ ಸಿನಿಮಾದ ಮೂಲಕವೇ ಬರಬೇಕು. ಸಿನಿಮಾ ನೋಡದವರು ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ, ನೋಡಿ ಬಂದು ಓದಿ. ಕೊನೆಯನ್ನು ಹೇಳದೆ ಇದರ ಬಗ್ಗೆ ಏನನ್ನೂ ಹೇಳಲು ಆಗುವುದಿಲ್ಲ.

ಕತೆ ಸರಳ. ಸ್ಕಾಟ್ಲೆಂಡಿನ ಸಾರ್ಜೆಂಟ್ ಹೋವಿ ಎಂಬ ಪೊಲೀಸನಿಗೆ ಹೆಸರಿಲ್ಲದ ಒಂದು ಪತ್ರ ಬರುತ್ತದೆ. ಸಮರ್‌ಐಲ್ ಎಂಬ ದ್ವೀಪದಲ್ಲಿ ರೋವನ್ ಮಾರಿಸನ್ ಎಂಬ ಹುಡುಗಿ ಕಾಣೆಯಾಗಿದ್ದಾಳೆ ಎಂದು ಅದರಲ್ಲಿರುತ್ತದೆ. ಹೋವಿ ಕಟ್ಟಾ ಕ್ರೈಸ್ತ. ಮದುವೆ ನಿಶ್ಚಯವಾಗಿದೆ, ಅಲ್ಲಿಯವರೆಗೆ ಹೆಣ್ಣನ್ನು ಮುಟ್ಟುವುದಿಲ್ಲ ಎಂಬ ನೇಮ. ಸಣ್ಣ ವಿಮಾನದಲ್ಲಿ ಒಬ್ಬನೇ ದ್ವೀಪಕ್ಕೆ ಹೋಗಿ ಇಳಿಯುತ್ತಾನೆ. ಅಲ್ಲಿ ಚರ್ಚು ಪಾಳುಬಿದ್ದಿದೆ. ಜನ ಸೂರ್ಯನನ್ನು, ಹಣ್ಣಿನ ತೋಟವನ್ನು ಪೂಜಿಸುತ್ತಾರೆ. ಹುಡುಗಿಯನ್ನು ಬಲಿ ಕೊಡಲು ಇಟ್ಟಿದ್ದಾರೆ ಎಂದು ಅವನು ತಿಳಿಯುತ್ತಾನೆ. ಬಲಿಗೆ ಕರೆಸಿಕೊಂಡದ್ದು ಅವನನ್ನೇ ಎಂದು ಅವನಿಗೂ ನಮಗೂ ಗೊತ್ತಾಗುವುದು ಕೊನೆಗೆ. ಕಡ್ಡಿ ಹೆಣೆದು ಮಾಡಿದ ಆಳೆತ್ತರಕ್ಕೂ ಮೀರಿದ ಒಂದು ದೈತ್ಯ ಗೊಂಬೆಯ ಹೊಟ್ಟೆಯಲ್ಲಿ ಅವನನ್ನು ಕೂಡಿ ಬೆಂಕಿ ಹಚ್ಚುತ್ತಾರೆ. ಹೆಸರಿನಲ್ಲಿರುವ ‘ವಿಕರ್ ಮ್ಯಾನ್’ ಈ ಗೊಂಬೆಯೇ.

1973ರ ಸಿನಿಮಾ ಇದು. ರಾಬಿನ್ ಹಾರ್ಡಿ ನಿರ್ದೇಶನ, ಆಂಥನಿ ಶಾಫರ್ ಚಿತ್ರಕತೆ. ಹೋವಿಯಾಗಿ ಎಡ್ವರ್ಡ್ ವುಡ್‌ವರ್ಡ್, ದ್ವೀಪದ ಒಡೆಯ ಲಾರ್ಡ್ ಸಮರ್‌ಐಲ್ ಆಗಿ ಕ್ರಿಸ್ಟೋಫರ್ ಲೀ. ಲೀ ಆ ಹೊತ್ತಿಗೆ ಡ್ರಾಕುಲಾ ವೇಷದಿಂದ ಲೋಕಪ್ರಸಿದ್ಧ. ಆದರೂ ಸಂಬಳವಿಲ್ಲದೆ ಇದರಲ್ಲಿ ನಟಿಸಿದರು, ತಮ್ಮ ಸಿನಿಮಾಗಳಲ್ಲಿ ಇದೇ ಉತ್ತಮ ಎಂದು ಕೊನೆಯವರೆಗೂ ಹೇಳುತ್ತಿದ್ದರು.

ಅರ್ಧದವರೆಗೆ ಬೇಜಾರಾಯಿತು ಎಂದಿರಿ. ಅದು ನಿಮ್ಮ ತಪ್ಪಲ್ಲ. 1977ರಲ್ಲಿ ಅಮೆರಿಕದ ಒಂದು ಸಿನಿಮಾ ಪತ್ರಿಕೆ ಇದನ್ನು ‘ಹಾರರ್ ಸಿನಿಮಾಗಳ ಸಿಟಿಜನ್ ಕೇನ್’ ಎಂದು ಕರೆಯಿತು. ‘ಸಿಟಿಜನ್ ಕೇನ್’ ಎಂದರೆ ಲೋಕದ ಅತ್ಯುತ್ತಮ ಸಿನಿಮಾ ಎಂದು ಹಲವರು ಹೇಳುವ ಹಳೆಯ ಅಮೆರಿಕನ್ ಸಿನಿಮಾ. ಅಂದಿನಿಂದ ಎಲ್ಲರೂ ಅದನ್ನೇ ಹೇಳಿ ಹೇಳಿ, ಹೊಸದಾಗಿ ನೋಡುವವರು ಬೆಚ್ಚಿಬೀಳಲು ತಯಾರಾಗಿ ಕೂರುತ್ತಾರೆ. ಇಲ್ಲಿ ಬೆಚ್ಚಿಬೀಳಿಸುವ ಕ್ಷಣವೇ ಇಲ್ಲ. ನಾನು ಸಿನಿಮಾ ಓದುವ ಹುಡುಗ ಹುಡುಗಿಯರಿಗೆ ಹಲವು ಸಲ ಇದನ್ನು ತೋರಿಸಿದ್ದೇನೆ. ಪ್ರತಿ ಸಲವೂ ಮೊದಲ ಅರ್ಧ ಗಂಟೆ ನಗುತ್ತಾರೆ. ಹೋಟೆಲಿನಲ್ಲಿ ಊರಿನ ಗಂಡಸರೆಲ್ಲ ಸೇರಿ ಪೋಲಿ ಹಾಡು ಹೇಳುವಾಗ, ಗಂಟಲು ನೋವಿಗೆ ಔಷಧಿ ಎಂದು ತಾಯಿಯೊಬ್ಬಳು ಮಗಳ ಬಾಯಿಗೆ ಜೀವಂತ ಕಪ್ಪೆ ಇಡುವಾಗ, ಗಟ್ಟಿಯಾಗಿಯೇ ನಗುತ್ತಾರೆ. ನಾನು ತಡೆಯುವುದಿಲ್ಲ. ಆ ನಗು ಬೇಕು. ದ್ವೀಪದ ಜನರೂ ಹೋವಿಯನ್ನು ನೋಡಿ ಹಾಗೆಯೇ ನಗುತ್ತಿದ್ದಾರೆ. ನಮಗೇ ಗೊತ್ತಿಲ್ಲದೆ ನಾವು ಅವರ ಜೊತೆ ಕೂತುಬಿಟ್ಟಿರುತ್ತೇವೆ. ಬೆಂಕಿ ಹತ್ತಿದಾಗ ಕ್ಲಾಸಿನಲ್ಲಿ ಬೀಳುವ ಮೌನ ಬೇರೆ ಯಾವ ಹಾರರ್ ಸಿನಿಮಾಕ್ಕೂ ಬಿದ್ದದ್ದನ್ನು ನಾನು ಕಂಡಿಲ್ಲ.

ಈಗ ‘ಅದೆಲ್ಲ ನಿಜವಾ’ ಎನ್ನುವ ಪ್ರಶ್ನೆ. ಸ್ವಲ್ಪ ನಿಜ, ಬಹಳಷ್ಟು ಕೂಡಿಸಿದ್ದು. ಕಡ್ಡಿ ಹೆಣೆದ ದೊಡ್ಡ ಗೊಂಬೆಯೊಳಗೆ ಜೀವಂತ ಮನುಷ್ಯರನ್ನು ತುಂಬಿ ಸುಡುತ್ತಿದ್ದರು ಎಂದು ಬರೆದವನು ರೋಮಿನ ಜೂಲಿಯಸ್ ಸೀಸರ್. ಗಾಲ್ ದೇಶದ ಮೇಲೆ, ಅಂದರೆ ಇಂದಿನ ಫ್ರಾನ್ಸಿನ ಕಡೆ, ದಂಡೆತ್ತಿ ಹೋದಾಗ ಬರೆದ ಪುಸ್ತಕದ ಆರನೇ ಭಾಗದಲ್ಲಿ ಅದು ಬರುತ್ತದೆ. ಅವನು ಆ ಜನರನ್ನು ಗೆಲ್ಲಲು ಹೋದವನು, ಅವರು ಕ್ರೂರಿಗಳು ಎಂದರೆ ಅವನಿಗೇ ಲಾಭ. ಅಂಥ ಗೊಂಬೆಯ ಕುರುಹು ಅಗೆತದಲ್ಲಿ ಎಲ್ಲೂ ಸಿಕ್ಕಿಲ್ಲ. 1676ರಲ್ಲಿ ಇಂಗ್ಲೆಂಡಿನ ಒಂದು ಇತಿಹಾಸ ಪುಸ್ತಕದಲ್ಲಿ ಅದರ ಚಿತ್ರ ಅಚ್ಚಾಯಿತು. ಸಿನಿಮಾದ ಗೊಂಬೆ ಆ ಚಿತ್ರವನ್ನೇ ನೆನಪಿಸುತ್ತದೆ. ಉಳಿದ ಹಲವು ಸಂಗತಿಗಳು ಜೇಮ್ಸ್ ಫ್ರೇಜರ್ 1890ರಲ್ಲಿ ಹೊರತಂದ ‘ದಿ ಗೋಲ್ಡನ್ ಬೌ’ ಎಂಬ ಭಾರೀ ಪುಸ್ತಕದ ದಾರಿಯಲ್ಲಿ ಬಂದವು. ಲೋಕದ ಮೂಲೆಮೂಲೆಯ ಆಚರಣೆಗಳನ್ನು ಒಂದೇ ದಾರಕ್ಕೆ ಪೋಣಿಸಿದ ಪುಸ್ತಕ ಅದು. ಇಂದಿನ ಜಾನಪದ ವಿದ್ವಾಂಸರು ಆ ದಾರವನ್ನು ಒಪ್ಪುವುದಿಲ್ಲ.

ಹಾಗೆಂದು ಎಲ್ಲವೂ ಕಟ್ಟುಕತೆಯಲ್ಲ. ಮೇ ತಿಂಗಳ ಮೊದಲ ದಿನ ಕಂಬ ನೆಟ್ಟು, ರಿಬ್ಬನ್ ಹಿಡಿದು ಸುತ್ತ ಕುಣಿಯುವುದು ಇಂಗ್ಲೆಂಡಿನಲ್ಲಿ ಈಗಲೂ ಉಂಟು. ಕಾರ್ನ್‌ವಾಲ್ ಕಡೆಯ ಪ್ಯಾಡ್‌ಸ್ಟೋ ಎಂಬ ಊರಿನಲ್ಲಿ ಅದೇ ದಿನ ಕುದುರೆ ವೇಷ ಬೀದಿಗೆ ಬರುತ್ತದೆ. ಬೆಂಕಿಯ ಮುಂದೆ ದ್ವೀಪದವರು ಕೈಕೈ ಹಿಡಿದು ಹಾಡುವುದು 13ನೇ ಶತಮಾನದ ಇಂಗ್ಲಿಷ್ ಹಾಡು, ಬೇಸಿಗೆ ಬಂತು ಎಂದು ಖುಷಿಪಡುವ ಹಾಡು. ಇನ್ನೊಂದು ಹಾಡು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನದು. ಎಷ್ಟೋ ಕಾಲದಿಂದ ಆ ದ್ವೀಪದಲ್ಲೇ ಹಾಡುತ್ತ ಬಂದಿದ್ದಾರೇನೋ ಅನಿಸುವ ಈ ಸಂಗೀತವನ್ನೆಲ್ಲ ಹೊಂದಿಸಿದವರು ಪಾಲ್ ಜೋವಾನಿ ಎಂಬ ಅಮೆರಿಕನ್ನರು. ಬಿಡಿಬಿಡಿಯಾಗಿ ಇವೆಲ್ಲ ಎಲ್ಲೆಲ್ಲೋ ಇದ್ದವು. ಎಲ್ಲವೂ ಒಂದೇ ಊರಿನಲ್ಲಿ ಒಟ್ಟಿಗೆ ಇದ್ದದ್ದು ಈ ಸಿನಿಮಾದಲ್ಲಿ ಮಾತ್ರ.

ಇಲ್ಲಿ ಒಂದು ಮಾತು. ಅನೇಕರು ಇದನ್ನು ಗಮನಿಸುವುದೇ ಇಲ್ಲ, ನೀವೂ ಗಮನಿಸಿರಲಿಕ್ಕಿಲ್ಲ. ಆ ದ್ವೀಪದ ಧರ್ಮ ಹಳೆಯದು ಎಂದು ಸಿನಿಮಾವೇ ಹೇಳುವುದಿಲ್ಲ! ಅರ್ಧದಲ್ಲಿ ಲಾರ್ಡ್ ಸಮರ್‌ಐಲ್ ಹೋವಿಗೆ ತನ್ನ ಮನೆತನದ ಕತೆ ಹೇಳುತ್ತಾನೆ. ಅವನ ಅಜ್ಜ ಕೃಷಿ ವಿಜ್ಞಾನಿ. 1868ರಲ್ಲಿ ಈ ಬರಡು ದ್ವೀಪವನ್ನು ಕೊಂಡುಕೊಂಡ. ಮಣ್ಣು ಚೆನ್ನಾಗಿತ್ತು, ಸಮುದ್ರದ ಬಿಸಿ ಪ್ರವಾಹವಿತ್ತು, ಕಡಿಮೆ ಕೂಲಿಗೆ ದುಡಿಯುವ ಬಡವರಿದ್ದರು. ಹೊಸ ತಳಿಯ ಹಣ್ಣುಗಳನ್ನು ತಂದು ನೆಟ್ಟ. ಸೋತು ಕೂತಿದ್ದ ಜನರನ್ನು ಎಬ್ಬಿಸಿ ದುಡಿಸಲು ಅವರ ಹಳೆಯ ದೇವರುಗಳನ್ನು ಮತ್ತೆ ಅವರ ಕೈಗೆ ಕೊಟ್ಟ. ಫಸಲು ಬಂತು. ಜನ ಅದು ದೇವರ ದಯೆ ಎಂದರು. ಅಜ್ಜ ಲೆಕ್ಕಾಚಾರಕ್ಕೆ ಶುರು ಮಾಡಿದ್ದನ್ನು ಅಪ್ಪ ಪ್ರೀತಿಯಿಂದ ಮುಂದುವರಿಸಿದ ಎಂದು ಮೊಮ್ಮಗ ಹೇಳುತ್ತಾನೆ.

ಅಂದರೆ ಜಮೀನ್ದಾರನೊಬ್ಬ ತೋಟದ ಕೆಲಸಕ್ಕಾಗಿ ಎಬ್ಬಿಸಿದ ಧರ್ಮ ಅದು, ನೂರು ವರ್ಷದ್ದು. ಈಗ ಸೇಬು ಕೈಕೊಟ್ಟಿದೆ. ಹೋಟೆಲಿನ ಗೋಡೆಯ ಮೇಲೆ ವರ್ಷವರ್ಷದ ಸುಗ್ಗಿಯ ಫೋಟೋಗಳಿವೆ, ಹೋದ ವರ್ಷದ್ದು ಮಾತ್ರ ಇಲ್ಲ. ಹಣ್ಣಿಗೆ ಹೆಸರಾದ ಊರಿನಲ್ಲಿ ಊಟಕ್ಕೆ ಡಬ್ಬಿಯಲ್ಲಿಟ್ಟ ತರಕಾರಿ ಬಡಿಸುತ್ತಾರೆ. ಸಾಯುವ ಮುನ್ನ ಹೋವಿ ಕೂಗಿ ಹೇಳುತ್ತಾನೆ: ಇದು ದೇವರ ಮುನಿಸಲ್ಲ, ಆ ತಳಿ ಈ ಹವೆಗೆ ಒಗ್ಗಲಿಲ್ಲ, ಮುಂದಿನ ವರ್ಷವೂ ಬೆಳೆ ಬರುವುದಿಲ್ಲ, ಆಗ ಜನ ನಿನ್ನನ್ನೇ ಕೇಳುತ್ತಾರೆ. ಆ ಒಂದು ಕ್ಷಣ ಕ್ರಿಸ್ಟೋಫರ್ ಲೀ ಮುಖ ನೋಡಿ. ಒಡೆಯನ ಕಣ್ಣಿನಲ್ಲಿ ಹೆದರಿಕೆ ಮಿಂಚಿ ಹೋಗುತ್ತದೆ. ಬೆಳೆ ಬಂದೇ ಬರುತ್ತದೆ ಎಂದು ಅವನು ಗಟ್ಟಿಯಾಗಿ ಹೇಳುತ್ತಾನೆ. ಹೇಳಿದ್ದು ಹೋವಿಗಿಂತ ಹೆಚ್ಚಾಗಿ ತನ್ನ ಜನಕ್ಕೆ.

ಹಾಗಾಗಿ ಹಳ್ಳಿಯವರ ನಂಬಿಕೆಯನ್ನು ಇದು ಕೀಳಾಗಿ ತೋರಿಸುತ್ತದಾ ಎಂದರೆ, ನನ್ನ ಉತ್ತರ ಇಲ್ಲ. ಒಬ್ಬನ ತೋಟ ಉಳಿಯಲು ಊರಿನ ನಂಬಿಕೆ ದುಡಿಯಬೇಕಾದಾಗ ಏನಾಗುತ್ತದೆ ಎಂದು ಇದು ತೋರಿಸುತ್ತದೆ. ಹೋವಿಯ ನಂಬಿಕೆಯನ್ನೂ ಹಗುರ ಮಾಡುವುದಿಲ್ಲ. ಅವನು ಗಡಸು ಮನುಷ್ಯ, ಊರಿನವರ ಮೇಲೆ ರೇಗುತ್ತಾನೆ, ಅವರನ್ನು ತಿಳಿಯುವ ಗೋಜಿಗೇ ಹೋಗುವುದಿಲ್ಲ. ಆದರೆ ಒಂದು ಮಗುವನ್ನು ಉಳಿಸಲು ತನ್ನ ಜೀವ ಪಣಕ್ಕಿಡುತ್ತಾನೆ. ಬೆಂಕಿಯೊಳಗೆ ನಿಂತು ತನ್ನ ದೇವರ ಕೀರ್ತನೆ ಹಾಡುತ್ತಾನೆ. ಹೊರಗೆ ಅವರ ಹಾಡು, ಒಳಗೆ ಇವನ ಹಾಡು. ಎರಡೂ ಕಡೆ ಸಂಶಯ ಒಂದಿಷ್ಟೂ ಇಲ್ಲ. ಯಾವ ದೇವರೂ ಉತ್ತರ ಕೊಡುವುದಿಲ್ಲ.

ನನ್ನ ಪ್ರಕಾರ ಈ ಸಿನಿಮಾದ ಭಯ ಇರುವುದು ಇಲ್ಲಿ. ದ್ವೀಪದಲ್ಲಿ ಕೆಟ್ಟವರು ಯಾರೂ ಇಲ್ಲ. ಅವರಿಗೆ ಹೋವಿಯ ಮೇಲೆ ಸಿಟ್ಟಿಲ್ಲ. ಅಂಗಡಿಯವಳು, ಮೇಷ್ಟ್ರಮ್ಮ, ಹೋಟೆಲಿನವನು, ಮಕ್ಕಳು, ಎಲ್ಲರೂ ಖುಷಿಯಾಗಿದ್ದಾರೆ. ಎಲ್ಲರೂ ಒಪ್ಪಿದ್ದಾರೆ. ‘ಇದು ಬೇಡ’ ಎನ್ನುವ ಒಂದೇ ಒಂದು ಮುಖವನ್ನು ನಾವು ಕೊನೆಯವರೆಗೂ ಹುಡುಕುತ್ತೇವೆ. ಸಿಗುವುದಿಲ್ಲ. ಹೋವಿ ರೋವನ್‌ಳ ಕೈಹಿಡಿದು ಗುಹೆಯೊಳಗಿಂದ ಓಡುತ್ತಾನಲ್ಲ, ಆಗ ಆ ಮಗುವಾದರೂ ಅವನ ಕಡೆ ಇದೆ ಎಂದುಕೊಳ್ಳುತ್ತೇವೆ. ಅವಳು ಹೊರಗೆ ಬಂದವಳೇ ಒಡೆಯನ ಬಳಿ ಓಡಿಹೋಗಿ, ‘ನಾನು ಸರಿಯಾಗಿ ಮಾಡಿದೆನಾ?’ ಎಂದು ಕೇಳುತ್ತಾಳೆ. ಶಾಲೆಯ ನಾಟಕ ಮುಗಿಸಿ ಬಂದ ಹುಡುಗಿ ಕೇಳುವ ಹಾಗೆ. ಎಷ್ಟು ಸಲ ನೋಡಿದರೂ ನನಗೆ ಬೆಂಕಿಗಿಂತ ಈ ಮಾತೇ ಜಾಸ್ತಿ ನೋಯಿಸುತ್ತದೆ.

ಬಿಸಿಲು ಯಾಕೆ ಎಂದರೆ ಇದಕ್ಕೇ. ಕತ್ತಲಿದ್ದರೆ ಬೆಳಗಾದ ಮೇಲೆ ಸರಿಹೋಗುತ್ತದೆ ಎಂಬ ಆಸೆ ಇರುತ್ತದೆ. ಇಲ್ಲಿ ಬೆಳಗಾಗಿದೆ, ಎಲ್ಲವೂ ಕಣ್ಣೆದುರಿಗಿದೆ. ಶಾಲೆಯ ಒಂದು ದೃಶ್ಯ ನೆನಪಿದೆಯಾ? ರೋವನ್ ಕೂರುತ್ತಿದ್ದ ಡೆಸ್ಕಿನ ಮುಚ್ಚಳ ತೆಗೆದರೆ ಒಳಗೆ ಮೊಳೆಗೆ ದಾರ ಕಟ್ಟಿದ ಒಂದು ಜೀರುಂಡೆ. ಅದು ಒಂದೇ ದಿಕ್ಕಿಗೆ ಸುತ್ತುತ್ತ ಸುತ್ತುತ್ತ ಮೊಳೆಗೇ ಅಂಟಿಕೊಳ್ಳುತ್ತದೆ. ಹೋವಿ ಅದನ್ನು ನೋಡಿ ಅಸಹ್ಯಪಡುತ್ತಾನೆ. ತನಗೂ ದಾರ ಕಟ್ಟಿದೆ ಎಂದು ಅವನಿಗೆ ತಿಳಿಯುವುದಿಲ್ಲ. ಪಕ್ಕದ ಕೋಣೆಯ ಹೆಣ್ಣು ರಾತ್ರಿ ಗೋಡೆ ತಟ್ಟಿ ಹಾಡಿ ಕರೆದಾಗ ಅವನು ಬೆವರಿ, ಪ್ರಾರ್ಥನೆ ಮಾಡಿ, ಬಾಗಿಲು ತೆರೆಯದೆ ಉಳಿಯುತ್ತಾನೆ. ಅವನ ಲೆಕ್ಕದಲ್ಲಿ ಅದು ಗೆಲುವು. ಆದರೆ ಬಲಿಗೆ ಹೆಣ್ಣನ್ನು ಮುಟ್ಟದವನೇ ಬೇಕಿತ್ತು. ಅವನ ಒಳ್ಳೆಯತನವೇ ಅವನನ್ನು ಮೊಳೆಯ ಹತ್ತಿರ ತಂದಿತು.

ಎಲ್ಲರೂ ಒಪ್ಪಿದ ಬಲಿ ಎಂದರೆ ಕನ್ನಡದವರಿಗೆ ಹೊಸ ಸಂಗತಿಯಲ್ಲ. ‘ಕೆರೆಗೆ ಹಾರ’ ನಾವು ಶಾಲೆಯಲ್ಲೇ ಓದಿದ್ದೇವೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ನೋಡುತ್ತಾರೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ಎಂದು, ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಅಲ್ಲಿಯೂ ಯಾರೂ ರಾಕ್ಷಸರಲ್ಲ. ಗಂಗಮ್ಮನ ಪೂಜೆಗೆ ಅಡುಗೆ ಮಾಡಿಕೊಂಡು ಹೋಗುತ್ತಾರೆ, ಉಣ್ಣುತ್ತಾರೆ, ಬಂಗಾರದ ಬಟ್ಟಲನ್ನು ಬಿಟ್ಟು ಬರುತ್ತಾರೆ. ಅದನ್ನು ತರಲು ಭಾಗೀರಥಿ ಇಳಿದಾಗ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಊರಿಗೆ ಒಂದು ತೊಂದರೆ ಬಂದಿದೆ, ಅದಕ್ಕೆ ಒಂದು ಜೀವ ಸಾಕು ಎಂದು ಎಲ್ಲರೂ ಒಪ್ಪಿದ್ದಾರೆ. ಸೇಬಿನ ದ್ವೀಪದಲ್ಲೂ ನಡೆದದ್ದು ಇದೇ ಅಲ್ವಾ?

ವ್ಯತ್ಯಾಸವೂ ದೊಡ್ಡದೇ. ಭಾಗೀರಥಿಗೆ ಮೊದಲೇ ಗೊತ್ತು. ತವರಿಗೆ ಹೋಗಿ ಹೇಳಲಾರದೆ ಬರುತ್ತಾಳೆ, ಗೆಳತಿಯ ಹತ್ತಿರ ಮಾತ್ರ ಬಾಯಿಬಿಡುತ್ತಾಳೆ. ಹೋವಿಗೆ ಗೊತ್ತಿಲ್ಲ. ಅವಳು ಮನೆಯವಳು, ಅವನು ಹೊರಗಿನವನು. ಇನ್ನೂ ಒಂದಿದೆ. ನಮ್ಮ ಹಾಡು ನೀರು ಬಂತಲ್ಲ ಎಂದು ಕುಣಿದು ಮುಗಿಯುವುದಿಲ್ಲ. ದಂಡಿನಿಂದ ಓಡಿಬಂದ ಗಂಡ ಮಾದೇವರಾಯ ಹುಡುಕಿ, ಕೇಳಿ, ಅದೇ ಕೆರೆಗೆ ಹಾರುತ್ತಾನೆ. ‘ಬೇಡ’ ಎನ್ನುವ ಒಂದು ಜೀವ ಅಲ್ಲಿದೆ, ತಡವಾಗಿ ಬಂದರೂ ಇದೆ. ಅದಕ್ಕೇ ‘ಕೆರೆಗೆ ಹಾರ’ ಕೇಳಿದರೆ ಅಳು ಬರುತ್ತದೆ. ‘ದಿ ವಿಕರ್ ಮ್ಯಾನ್’ನಲ್ಲಿ ಮಾದೇವರಾಯನಿಲ್ಲ. ಅಲ್ಲಿ ಅಳಲೂ ಆಗುವುದಿಲ್ಲ, ಬರೀ ತಣ್ಣಗಾಗುತ್ತದೆ.

ಈಗ ನಿಮ್ಮ ಜಾತ್ರೆ. ತಮಟೆಯ ನಡುವೆ ನಿಂತಾಗ ಎದೆ ಹೊಡೆದುಕೊಂಡಿತು ಎಂದಿರಿ. ನಿಮ್ಮೂರಿನವರು ಏನೋ ಮಾಡಿಬಿಡುತ್ತಾರೆ ಎಂದು ಹೆದರಿದಿರಾ? ನನಗೆ ಹಾಗನಿಸುವುದಿಲ್ಲ. ಎಲ್ಲರಿಗೂ ಹೆಜ್ಜೆ ಗೊತ್ತಿದೆ, ಹಾಡು ಗೊತ್ತಿದೆ, ಯಾವಾಗ ಏನು ಎಂದು ಗೊತ್ತಿದೆ, ನನಗೆ ಮರೆತಿದೆ. ಆ ಭಯ ಇದು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದು ಊರಿಗೆ ಹೋದವರಿಗೆ ಇದು ಹೊಸದಲ್ಲ. ಸಿನಿಮಾ ನೋಡದಿದ್ದರೂ ಒಂದು ದಿನ ಆಗುತ್ತಿತ್ತು. ಸಿನಿಮಾ ಅದಕ್ಕೊಂದು ಚಿತ್ರ ಕೊಟ್ಟಿತು, ಅಷ್ಟೇ. ನೀವು ಹೋವಿ ಅಲ್ಲ. ನಿಮ್ಮನ್ನು ಅಲ್ಲಿ ಹೆಸರು ಹಿಡಿದು ಕರೆಯುವವರಿದ್ದಾರೆ. ಮುಂದಿನ ಸಲ ಸುಮ್ನೆ ಬದಿಯಲ್ಲಿ ನಿಂತು ನೋಡುವ ಬದಲು, ಹಿಂದಿನ ದಿನವೇ ಹೋಗಿ ಯಾವುದಾದರೂ ಕೆಲಸಕ್ಕೆ ಕೈಹಾಕಿ. ತೋರಣ ಕಟ್ಟಿ, ಪಾತ್ರೆ ಹೊರಿ, ಅಡುಗೆಯ ಕಡೆ ನಿಲ್ಲಿ. ನೋಡಲು ಬಂದವರಿಗೆ ಆಗುವ ಭಯ ಕೆಲಸ ಮಾಡುವವರಿಗೆ ಆಗುವುದು ಕಡಿಮೆ. ಆದರೂ ನಿಮ್ಮೊಳಗಿನ ಒಂದು ಭಾಗ ದೂರ ನಿಂತು ಕೇಳುತ್ತಿದ್ದರೆ, ಕೇಳಲಿ. ಪ್ರಾಣಿಬಲಿಯ ಬಗ್ಗೆಯೋ, ಯಾರನ್ನೋ ದೂರ ಇಡುವುದರ ಬಗ್ಗೆಯೋ ನಿಮಗೆ ಪ್ರಶ್ನೆಗಳಿದ್ದರೆ ಅವನ್ನು ಅದುಮಿಡಬೇಡಿ. ಹೋವಿಗೆ ಇಲ್ಲದ ಅನುಕೂಲ ನಿಮಗಿದೆ, ನೀವು ಮನೆಯವರಾಗಿ ಕೇಳಬಹುದು.

ಆವೃತ್ತಿಗಳ ವಿಷಯ. ಸಿನಿಮಾ ಮುಗಿಯುವ ಹೊತ್ತಿಗೆ ಅದನ್ನು ತಯಾರಿಸಿದ ಬ್ರಿಟಿಷ್ ಲಯನ್ ಕಂಪನಿ ಕೈಬದಲಾಗಿತ್ತು. ಹೊಸಬರಿಗೆ ಇದು ರುಚಿಸಲಿಲ್ಲ. ಕತ್ತರಿಸಿ, ‘ಡೋಂಟ್ ಲುಕ್ ನೌ’ ಎಂಬ ಇನ್ನೊಂದು ಸಿನಿಮಾದ ಜೊತೆ ಜೋಡಿಯಾಗಿ ಬಿಟ್ಟರು, ಇದಕ್ಕೆ ಎರಡನೇ ಸ್ಥಾನ. ಆ ಚಿಕ್ಕ ಆವೃತ್ತಿ ಸುಮಾರು 87 ನಿಮಿಷ. ಓಟ ಚುರುಕು, ಆದರೆ ಹೋವಿ ದ್ವೀಪದಲ್ಲಿ ಒಂದೇ ರಾತ್ರಿ ಕಳೆದಂತಾಗುತ್ತದೆ, ಒಂದು ಒಳ್ಳೆಯ ಹಾಡೂ ಹೋಗಿದೆ. ದೊಡ್ಡ ಆವೃತ್ತಿ ನೂರು ನಿಮಿಷದ ಹತ್ತಿರ. ಎಲ್ಲವೂ ಇದೆ, ಆದರೆ ಉಳಿದ ಹಳೆಯ ಪ್ರತಿಯಿಂದ ಸೇರಿಸಿದ ಕಡೆ ಚಿತ್ರ ಮಸುಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿನಿಮಾ ಸಂಗ್ರಹದಲ್ಲಿ ಸಿಕ್ಕ ಪ್ರತಿಯಿಂದ 2013ರಲ್ಲಿ ಮೂರನೆಯದು ಬಂತು, ಹಾರ್ಡಿ ಒಪ್ಪಿದ್ದು. ಇದು ನಡುವಿನ ಅಳತೆ, ಚಿತ್ರವೂ ಬಹುಪಾಲು ಸ್ವಚ್ಛ. ಗೆಳೆಯರಿಗೆ ಇದನ್ನೇ ತೋರಿಸಿ. ಇದೇ ಹೆಸರಿನ 2006ರ ಅಮೆರಿಕನ್ ಸಿನಿಮಾ ತಪ್ಪಿ ಕೈಗೆ ಬಂದೀತು, ಹುಷಾರು. ಅದರಲ್ಲಿ ಹಾಡುಗಳಿಲ್ಲ, ಹೋವಿಯ ನಂಬಿಕೆಯೂ ಇಲ್ಲ. ಆ ಎರಡನ್ನು ತೆಗೆದರೆ ಉಳಿಯುವುದು ವೇಷ ಮಾತ್ರ.

ಗೆಳೆಯರಿಗೆ ‘ಭಯಾನಕ ಸಿನಿಮಾ’ ಎಂದು ಮಾತ್ರ ಹೇಳಬೇಡಿ. ಕಾಣೆಯಾದ ಹುಡುಗಿಯ ಪತ್ತೆದಾರಿ ಕತೆ ಎಂದು ಹೇಳಿ ಕೂರಿಸಿ. ಸುಳ್ಳೇನಲ್ಲ. ಇಂಥ ಸಿನಿಮಾಗಳಿಗೆ ಈಗ ಫೋಕ್ ಹಾರರ್, ಅಂದರೆ ಜಾನಪದ ಹಾರರ್, ಎಂಬ ಹೆಸರಿದೆ. 2010ರಲ್ಲಿ ಬಿಬಿಸಿಯಲ್ಲಿ ಬ್ರಿಟಿಷ್ ನಟ, ಬರಹಗಾರ ಮಾರ್ಕ್ ಗ್ಯಾಟಿಸ್ ಈ ಮಾತು ಬಳಸಿದ ಮೇಲೆ ಎಲ್ಲರ ಬಾಯಿಗೂ ಬಂತು. 1973ರಲ್ಲಿ ನೋಡಿದವರಿಗೆ ಆ ಹೆಸರಿರಲಿಲ್ಲ, ಹಾಗಾಗಿ ಅವರು ಏನನ್ನೂ ಊಹಿಸಿರಲಿಕ್ಕಿಲ್ಲ.

ತಂಗಿಯ ಬಗ್ಗೆ ನನಗೆ ಅನುಮಾನವಿದೆ. ರಕ್ತ ಹೆಚ್ಚಿಲ್ಲ ನಿಜ, ಆದರೆ ಬೆತ್ತಲೆ ದೃಶ್ಯಗಳಿವೆ, ಹಾಡುಗಳಲ್ಲಿ ಪೋಲಿ ಮಾತಿದೆ. ಕೊನೆಯಲ್ಲಿ ಗೊಂಬೆಯೊಳಗೆ ಪ್ರಾಣಿಗಳನ್ನೂ ತುಂಬಿರುತ್ತಾರೆ, ಪ್ರಾಣಿಪ್ರಿಯ ಮಕ್ಕಳಿಗೆ ಅದು ಮನುಷ್ಯನ ಸಾವಿಗಿಂತ ಜಾಸ್ತಿ ತಟ್ಟುತ್ತದೆ. ಬಂದಾಗ ಬ್ರಿಟನ್ನಿನಲ್ಲಿ ಇದು ದೊಡ್ಡವರಿಗೆ ಮಾತ್ರ ಎಂಬ ಸರ್ಟಿಫಿಕೇಟ್ ಪಡೆದಿತ್ತು. ಒಂದೆರಡು ವರ್ಷ ಕಾದರೆ ಒಳ್ಳೆಯದು. ಬೇಡ ಎಂದರೆ ಅವಳು ಒಬ್ಬಳೇ ಫೋನಿನಲ್ಲಿ ನೋಡುವ ಸಂಭವವಿದ್ದರೆ, ಅದಕ್ಕಿಂತ ನೀವೇ ಪಕ್ಕದಲ್ಲಿ ಕೂತು ನೋಡುವುದು ಮೇಲು. ರಾತ್ರಿ ಬೇಡ. ನೋಡಿದ ಮೇಲೆ ಇಬ್ಬರೂ ಮಾತಾಡುವಷ್ಟು ಹೊತ್ತು ಇಟ್ಟುಕೊಳ್ಳಿ.

ಎರಡನೇ ಸಲ ನೋಡುವಾಗ ನಿಮಗಾಗಿ ಒಂದು ಗುಟ್ಟು. ಕತೆ ನಡೆಯುವುದು ಮೇ ತಿಂಗಳ ವಸಂತದಲ್ಲಿ. ಚಿತ್ರೀಕರಣ ನಡೆದದ್ದು 1972ರ ಅಕ್ಟೋಬರ್, ನವೆಂಬರಿನ ಚಳಿಯಲ್ಲಿ, ಹೆಚ್ಚಾಗಿ ಸ್ಕಾಟ್ಲೆಂಡಿನ ನೈಋತ್ಯ ಮೂಲೆಯ ಗ್ಯಾಲೋವೇ ಕಡೆಯ ಊರುಗಳಲ್ಲಿ. ಮರಗಳಿಗೆ ನಕಲಿ ಹೂ ಅಂಟಿಸಿದ್ದರು. ಮಾತಾಡುವಾಗ ಬಾಯಿಂದ ಹಬೆ ಬರಬಾರದೆಂದು ನಟರು ಮಂಜುಗಡ್ಡೆಯ ತುಂಡನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದರಂತೆ. ಇದು ತಿಳಿದು ನೋಡಿದರೆ ಹೂಬಿಟ್ಟ ಮರದ ಹಿಂದೆ ಬೋಳು ಕೊಂಬೆ ಕಾಣುತ್ತದೆ, ತೆಳು ಬಟ್ಟೆಯಲ್ಲಿ ನಗುವವರ ಮೈ ಬಿಗಿದಿರುವುದು ಕಾಣುತ್ತದೆ. ಕತೆಯ ದ್ವೀಪದಲ್ಲೂ ಹಣ್ಣಿಲ್ಲ, ಇದೆ ಎಂದು ಎಲ್ಲರೂ ನಟಿಸುತ್ತಿದ್ದಾರೆ. ಚಳಿ ಸಿನಿಮಾಕ್ಕೆ ಕೊಟ್ಟ ಉಡುಗೊರೆ ಇದು.

ಕೊನೆಗೆ ಬರೋ ಹೆಡ್ ಎಂಬ ಕಡಲ ಬಂಡೆಯ ಮೇಲೆ ಗೊಂಬೆ ಉರಿಯುತ್ತದೆ. ಹಾಡು ನಿಂತಿತೆಂದು ಎದ್ದು ದೀಪ ಹಾಕಬೇಡಿ. ಗೊಂಬೆಯ ತಲೆ ಮುರಿದು ಬೀಳುತ್ತದೆ, ಅದರ ಹಿಂದೆ ಸಮುದ್ರದ ಮೇಲೆ ಸೂರ್ಯ ಮುಳುಗುತ್ತಿರುತ್ತಾನೆ. ಅಷ್ಟೂ ಹೊತ್ತು ಅವರು ಪೂಜಿಸಿದ ಸೂರ್ಯ. ಅವನು ಪೂರ್ತಿ ಇಳಿಯುವವರೆಗೆ ಗೆಳೆಯರನ್ನು ಹಾಗೇ ಕೂರಿಸಿ.